ನೆಲ್ಲಿ–ಕೆಲ್ಲಿಯ ‘ಡಿಲೆಮಾ’: ಈ ಹಾಡು ನಿಜಕ್ಕೂ ಯಾರದು?

ಸೈಡ್_ಬಿ:

ಇಲ್ಲಿನ ಇನ್ನೊಂದು ಚರ್ಚೆಯಲ್ಲಿ ಯಾರೋ “2000ದ ದಶಕದ ರ‍್ಯಾಪ್ ಲವ್ ಸಾಂಗ್ ಅಂದರೆ ನೆಲ್ಲಿಯ ಡಿಲೆಮಾ, ಅಲ್ಲಿಗೆ ಮುಗೀತು” ಅಂತ ಬರೆದು ಹೋದರು. ಮುಗಿದಿಲ್ಲ. ಆ “ನೆಲ್ಲಿಯ” ಅನ್ನುವಲ್ಲೇ ನನ್ನ ತಕರಾರು. ಅಲ್ಲಿ ಬರೆದರೆ ವಿಷಯ ಎಲ್ಲಿಗೋ ಹೋಗುತ್ತೆ ಅಂತ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೆಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ ಊರಿನ ರ‍್ಯಾಪರ್. ಕೆಲ್ಲಿ ರೋಲ್ಯಾಂಡ್ ಡೆಸ್ಟಿನೀಸ್ ಚೈಲ್ಡ್ ಅನ್ನುವ ಮೂವರು ಹೆಣ್ಣುಮಕ್ಕಳ ತಂಡದ ಹಾಡುಗಾರ್ತಿ, ಬಿಯಾನ್ಸೆ ಪಕ್ಕದಲ್ಲಿ ನಿಂತು ಹಾಡುತ್ತಿದ್ದವರು. 2001ರಲ್ಲಿ ಎಂಟಿವಿಯ ಟಿಆರ್‌ಎಲ್ ಅನ್ನುವ ಹಾಡಿನ ಕಾರ್ಯಕ್ರಮದ ಟೂರ್‌ನಲ್ಲಿ ನೆಲ್ಲಿಯೂ ಆ ತಂಡದವರೂ ಒಟ್ಟಿಗೆ ಊರೂರು ಸುತ್ತಿದ್ದರು. ಆ ವರ್ಷದ ಕೊನೆಗೆ ಡೆಸ್ಟಿನೀಸ್ ಚೈಲ್ಡ್ ಸ್ವಲ್ಪ ದಿನ ಬಿಡುವು ತೆಗೆದುಕೊಂಡಿತು. ಮೂವರೂ ಒಬ್ಬೊಬ್ಬರಾಗಿ ಆಲ್ಬಂ ಮಾಡಲು ಹೊರಟರು. 2002ರ ಜೂನ್‌ನಲ್ಲಿ ನೆಲ್ಲಿಯ ‘ನೆಲ್ಲಿವಿಲ್’ ಬಂತು. ಅದರೊಳಗೆ ಈ ಹಾಡು.

ಆಗ ಓಡುತ್ತಿದ್ದ ಸಿಂಗಲ್, ಅಂದರೆ ಆಲ್ಬಂನಿಂದ ಬಿಡಿಯಾಗಿ ಬಿಟ್ಟ ಹಾಡು, ಇದಲ್ಲ. ನೆಪ್ಚೂನ್ಸ್ ಅನ್ನುವ ನಿರ್ಮಾಪಕ ಜೋಡಿ ಮಾಡಿದ ‘ಹಾಟ್ ಇನ್ ಹರ್’. ಬೇಸಿಗೆಯಿಡೀ ಅದೇ. ಆದರೆ ಆಲ್ಬಂ ಕೈಗೆ ಸಿಕ್ಕ ಕೂಡಲೇ ರೇಡಿಯೋದವರು ಯಾರೂ ಹೇಳದೆಯೇ ಡಿಲೆಮಾ ಹಾಕತೊಡಗಿದರು. ಕೇಳುಗರು ಮತ್ತೆ ಮತ್ತೆ ಕೇಳಿದರು. ಕೊನೆಗೆ ಅದನ್ನೂ ಸಿಂಗಲ್ ಮಾಡಲೇಬೇಕಾಯಿತು. ಆಗಸ್ಟ್‌ನಲ್ಲಿ ಅಮೆರಿಕದ ವಾರದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಡಿಲೆಮಾ ಮೊದಲ ಸ್ಥಾನಕ್ಕೆ ಏರಿದಾಗ ಕೆಳಗೆ ತಳ್ಳಿದ್ದು ಅದೇ ‘ಹಾಟ್ ಇನ್ ಹರ್’ ಅನ್ನು. ಅಂದರೆ ನೆಲ್ಲಿ ನೆಲ್ಲಿಯನ್ನೇ ಸೋಲಿಸಿದ. ಮೊದಲನೆಯದು 7 ವಾರ, ಎರಡನೆಯದು 10 ವಾರ.

ಈಗ ನನ್ನ ವಾದ. ಹಾಡನ್ನು ಸ್ವಲ್ಪ ಗಮನವಿಟ್ಟು ಕೇಳಿ. ಚರಣದಲ್ಲಿ ಅವನು ಕಥೆ ಹೇಳುತ್ತಾನೆ: ಇದೇ ಬೀದಿಗೆ ಹೊಸದಾಗಿ ಒಬ್ಬಳು ಬಂದಿದ್ದಾಳೆ, ಅವಳಿಗೆ ಆಗಲೇ ಒಬ್ಬ ಇದ್ದಾನೆ, ಮಗನೂ ಇದ್ದಾನೆ. ಕಣ್ಣಲ್ಲೇ ಎಲ್ಲ ಗೊತ್ತಾಗುತ್ತೆ, ಆದರೆ ನಾನು ಬಾಯಿಬಿಟ್ಟಿಲ್ಲ ಅನ್ನುತ್ತಾನೆ. ಪಲ್ಲವಿಯಲ್ಲಿ ಅವಳು ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ. ಏನು ಮಾಡಿದರೂ ನಿನ್ನದೇ ಯೋಚನೆ, ನನ್ನವನ ಜೊತೆ ಇದ್ದಾಗಲೂ ಅಷ್ಟೇ, ಅಂತ. ಅವನಿಗಿರುವುದು ಬರೀ ಆಸೆ. ಕಳೆದುಕೊಳ್ಳೋಕೆ ಏನಾದರೂ ಇರುವುದು ಅವಳಿಗೆ ಮಾತ್ರ. ಹಾಡಿಗೆ ಇಟ್ಟ ಹೆಸರು ‘ಇಕ್ಕಟ್ಟು’. ಇಕ್ಕಟ್ಟಿನಲ್ಲಿ ಇರುವುದು ಯಾರು? ಅವಳು. ಹಾಗಾದರೆ ಹಾಡು ಯಾರದು?

ನನ್ನ ಪ್ರಕಾರ ಇದು ಕೆಲ್ಲಿ ರೋಲ್ಯಾಂಡ್ ಹಾಡು. ನೆಲ್ಲಿ ಅದರೊಳಗೆ ಅತಿಥಿ. ಕವರ್ ಮೇಲೆ ಮಾತ್ರ ಉಲ್ಟಾ ಬರೆದಿದ್ದಾರೆ. ಬನ್ನಿ, ಜಗಳ ಆಡೋಣ.


ಬೀದಿ_ತಾಳ:

ಗುರು, ಇದನ್ನು ರ‍್ಯಾಪ್ ಲವ್ ಸಾಂಗ್ ಅಂತ ಕರೆಯುವುದಕ್ಕೇ ನನ್ನ ವಿರೋಧ ಇದೆ. ಇದು ಆರ್ ಆ್ಯಂಡ್ ಬಿ ಹಾಡು, ಅಂದರೆ ರಾಗವಾಗಿ ಹಾಡುವ ಶೈಲಿಯದು. ನಡುನಡುವೆ ಒಬ್ಬ ಗುನುಗುತ್ತಾ ಮಾತಾಡುತ್ತಾನೆ ಅಷ್ಟೇ.

ರ‍್ಯಾಪ್‌ನಲ್ಲಿ ಪ್ರೀತಿ ಬೇಕು ಅಂದರೆ ಎಲ್ ಎಲ್ ಕೂಲ್ ಜೆ 1987ರಲ್ಲೇ ‘ಐ ನೀಡ್ ಲವ್’ ಮಾಡಿದ್ದಾನೆ. ಪಲ್ಲವಿಗೆ ಅಂತ ಹುಡುಗಿಯನ್ನು ಕರೆಸಲಿಲ್ಲ. ತಾನೇ ಮೆತ್ತಗೆ ಮಾತಾಡಿದ. ಆ ಕಾಲದ ಗಟ್ಟಿ ರ‍್ಯಾಪ್ ಹುಡುಗರು ನಕ್ಕರು, ಆದರೂ ಮಾಡಿದ. ಆಮೇಲೆ 1995ರಲ್ಲಿ ಮೆಥಡ್ ಮ್ಯಾನ್ ಮತ್ತು ಗಾಯಕಿ ಮೇರಿ ಜೆ. ಬ್ಲೈಜ್. ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ 1968ರ ಹಾಡನ್ನು ತಂದು ಕೂರಿಸಿದರು. ಅದರಲ್ಲಿ ಮೆಥಡ್ ಮ್ಯಾನ್ ನಿಜವಾಗಲೂ ರ‍್ಯಾಪ್ ಮಾಡುತ್ತಾನೆ. ಗಂಟಲು ಒರಟು, ಮಾತು ಮೆತ್ತಗೆ. ಪ್ರೀತಿ ಅಲ್ಲಿ ನಂಬುವ ಹಾಗಿದೆ. ನೆಲ್ಲಿಯದು ಪಕ್ಕದ ಮನೆ ಹುಡುಗಿಯನ್ನು ನೋಡುವ ಕಾಲೇಜು ಹುಡುಗನ ಹಾಡು.

ಇದು ನನ್ನೊಬ್ಬನ ಮಾತಲ್ಲ. ಅದೇ 2002ರಲ್ಲಿ ಹಳೇ ತಲೆಮಾರಿನ ರ‍್ಯಾಪರ್ ಕೆಆರ್‌ಎಸ್-ಒನ್ ಬಹಿರಂಗವಾಗಿಯೇ ನೆಲ್ಲಿಯ ಮೇಲೆ ಹರಿಹಾಯ್ದಿದ್ದ. ಅವನ ಆಲ್ಬಂ ಕೊಳ್ಳಬೇಡಿ ಅಂತ ಹಾಡನ್ನೇ ಮಾಡಿದ. ನೆಲ್ಲಿ ಪಾಪ್, ಹಿಪ್-ಹಾಪ್ ಅಲ್ಲ ಅನ್ನೋದು ಅವನ ಸಿಟ್ಟು.


ಸೈಡ್_ಬಿ:

ಆ ಬಹಿಷ್ಕಾರ ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ನೆಲ್ಲಿವಿಲ್ ಮೊದಲ ವಾರವೇ ನಂಬರ್ ಒನ್.


ಬೀದಿ_ತಾಳ:

ಜಾಸ್ತಿ ಮಾರಾಟ ಆಗಿದ್ದೆಲ್ಲ ಒಳ್ಳೆಯದು ಅನ್ನುವ ಲೆಕ್ಕಕ್ಕೆ ನಾನು ಬರಲ್ಲ.


ಹಳೇ_ರೆಕಾರ್ಡು:

ಇಬ್ಬರೂ ಮೂರನೆಯವರನ್ನು ಮರೆತಿದ್ದೀರಿ. ನನ್ನ ಓಟು ಹಳೇ ಗಾಯಕಿ ಪ್ಯಾಟಿ ಲಬೆಲ್‌ಗೆ.

ಹಾಡು ಶುರುವಾದ ಕೂಡಲೇ ಒಂದು “ಓ...” ಕೇಳುತ್ತೆ, ಅಲ್ವಾ? ಇಡೀ ಹಾಡಿನ ಕೆಳಗೆ ಅದು ಸುತ್ತುತ್ತಲೇ ಇರುತ್ತೆ. ಅದು ಕೆಲ್ಲಿ ದನಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬಂದಿರೋದು ಪ್ಯಾಟಿ ಲಬೆಲ್‌ರ ‘ಲವ್, ನೀಡ್ ಆ್ಯಂಡ್ ವಾಂಟ್ ಯೂ’ ಹಾಡಿನಿಂದ. 1983ರ ‘ಐಯಾಮ್ ಇನ್ ಲವ್ ಅಗೇನ್’ ಆಲ್ಬಂನದು. ಫಿಲಡೆಲ್ಫಿಯಾದ ಹಾಡು. ಬರೆದವರು ಕೆನ್ನಿ ಗ್ಯಾಂಬಲ್ ಮತ್ತು ಬನ್ನಿ ಸಿಗ್ಲರ್. ಗ್ಯಾಂಬಲ್ ಅಂದರೆ ಲಿಯಾನ್ ಹಫ್ ಜೊತೆ ಸೇರಿ ಫಿಲಡೆಲ್ಫಿಯಾ ಇಂಟರ್‌ನ್ಯಾಷನಲ್ ರೆಕಾರ್ಡ್ಸ್ ಕಟ್ಟಿದವರು. 70ರ ದಶಕದಲ್ಲಿ ತಂತಿವಾದ್ಯಗಳ ದೊಡ್ಡ ಮೇಳ ಇಟ್ಟು ಮೃದುವಾದ ಸೋಲ್ ಸಂಗೀತ ಮಾಡಿದವರು. ಡಿಲೆಮಾದ ಪಲ್ಲವಿಯಲ್ಲಿ ಅವಳು ಅವನ ಹೆಸರು ಹಿಡಿದು ಹಾಡುವ ಸಾಲು ಇದೆಯಲ್ಲ, ಅದೂ ಹಳೇ ಹಾಡಿನ ಶೀರ್ಷಿಕೆಯ ಸುತ್ತಲೇ ಕಟ್ಟಿದ್ದು.

ಡಿಲೆಮಾದ ರಚನೆಕಾರರ ಪಟ್ಟಿ ತೆಗೆದು ನೋಡಿ. ನೆಲ್ಲಿ ಇದ್ದಾನೆ, ಹಾಡು ಮಾಡಿದ ಬ್ಯಾಮ್ ಮತ್ತು ರಯಾನ್ ಬೌಸರ್ ಇದ್ದಾರೆ. ಅವರ ಜೊತೆಗೇ ಗ್ಯಾಂಬಲ್ ಮತ್ತು ಸಿಗ್ಲರ್ ಹೆಸರೂ ಇದೆ. ಕೆಲ್ಲಿ ಹೆಸರು ಅಲ್ಲಿಲ್ಲ. ಇದು ಸೈಡ್_ಬಿ ಅವರಿಗೆ.

ಇನ್ನೊಂದು ಮಜಾ ಹೇಳುತ್ತೇನೆ. 2002ರಲ್ಲಿ ಹಾಟ್ 100ರಲ್ಲಿ 10 ವಾರ ಕುಳಿತ ಇನ್ನೊಂದು ಹಾಡು ಆ್ಯಶಾಂಟಿಯ ‘ಫೂಲಿಶ್’. ಅದರ ಅಡಿಪಾಯ ಡಿಬಾರ್ಜ್ ತಂಡದ ‘ಸ್ಟೇ ವಿತ್ ಮಿ’. ಅದೂ 1983ರದ್ದೇ. ಒಂದೇ ವರ್ಷದ ಎರಡು ಭಾರಿ ಪ್ರೇಮಗೀತೆ, ಎರಡರ ಕೆಳಗೂ 1983ರ ನಿಧಾನದ ಹಾಡು. ಸುಮ್ನೆ ಕಾಕತಾಳೀಯ ಅಂತ ನನಗನ್ನಿಸಲ್ಲ. 2002ರಲ್ಲಿ ಹಾಡು ಮಾಡುತ್ತಿದ್ದ ಹುಡುಗರು ಚಿಕ್ಕವರಿದ್ದಾಗ ಅವರ ಅಮ್ಮಂದಿರು ಮನೆಯಲ್ಲಿ ಹಾಕುತ್ತಿದ್ದ ಹಾಡುಗಳು ಇವು.


ಮಲ್ಲಿಗೆ_ಮೊಗ್ಗು:

ಹಳೇ_ರೆಕಾರ್ಡು ಸರ್, ಒಂದು ಅನುಮಾನ. ಹಾಗಾದರೆ ಪ್ಯಾಟಿ ಲಬೆಲ್‌ಗೆ ದುಡ್ಡು ಬಂತಾ? ನೀವೇ ಹೇಳಿದ ಹಾಗೆ ಬರೆದವರು ಬೇರೆ.


ಹಳೇ_ರೆಕಾರ್ಡು:

ಒಳ್ಳೆ ಪ್ರಶ್ನೆ ಕಣಮ್ಮ. ಅವರಿಗೆ ಎಷ್ಟು ಬಂತು ಅನ್ನೋದು ಅವರವರ ಕರಾರಿನ ವಿಷಯ, ಹೊರಗಿನವರು ಮಾತಾಡೋದು ಬೇಡ. ವ್ಯವಸ್ಥೆ ಹೇಗೆ ಅಂತ ಹೇಳುತ್ತೇನೆ.

ಒಂದು ಹಾಡಿಗೆ ಎರಡು ಹಕ್ಕು. ಒಂದು ರಚನೆಯದು, ಅಂದರೆ ಸಾಹಿತ್ಯ ಮತ್ತು ರಾಗ. ಅದು ಬರೆದವರದು ಮತ್ತು ಅವರ ಪ್ರಕಾಶಕರದು. ಇನ್ನೊಂದು ರೆಕಾರ್ಡಿಂಗ್‌ನದು. ಅದು ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿ. ಹಳೇ ರೆಕಾರ್ಡಿನಿಂದ ದನಿಯ ತುಣುಕನ್ನೇ ಕತ್ತರಿಸಿ ಬಳಸಿದರೆ ಎರಡೂ ಕಡೆ ಒಪ್ಪಿಗೆ ಬೇಕು. ರಾಗವನ್ನು ಮಾತ್ರ ತೆಗೆದುಕೊಂಡು ಹೊಸಬರಿಂದ ಹಾಡಿಸಿದರೆ ರಚನೆಯವರ ಒಪ್ಪಿಗೆ ಸಾಕು. ಮೂಲ ಗಾಯಕರಿಗೆ ಸಿಗೋದು ರೆಕಾರ್ಡಿಂಗ್ ಪಾಲಿನಿಂದ, ಅದೂ ಕಂಪನಿ ಜೊತೆ ಮಾಡಿಕೊಂಡ ಕರಾರಿನ ಪ್ರಕಾರ.

ರ‍್ಯಾಪ್‌ನವರು ಮೊದಲೆಲ್ಲ ಯಾರನ್ನೂ ಕೇಳುತ್ತಿರಲಿಲ್ಲ. 1991ರಲ್ಲಿ ಗಾಯಕ ಗಿಲ್ಬರ್ಟ್ ಓಸಲಿವನ್ ಹಾಡಿನ ತುಣುಕು ಬಳಸಿದ್ದಕ್ಕೆ ರ‍್ಯಾಪರ್ ಬಿಜ್ ಮಾರ್ಕಿ ಮೇಲೆ ನ್ಯೂಯಾರ್ಕ್ ಕೋರ್ಟಿನಲ್ಲಿ ತೀರ್ಪು ಬಂತು. ಕದಿಯಬಾರದು ಅನ್ನುವ ಬೈಬಲ್ ಮಾತಿನಿಂದಲೇ ನ್ಯಾಯಾಧೀಶರು ತೀರ್ಪು ಶುರು ಮಾಡಿದ್ದರು. ಅಲ್ಲಿಂದ ಮುಂದೆ ಎಲ್ಲರೂ ಮೊದಲೇ ಒಪ್ಪಿಗೆ ತೆಗೆದುಕೊಳ್ಳೋಕೆ ಶುರು ಮಾಡಿದರು. ಒಂದು ಹಾಡಿನಲ್ಲಿ ಹತ್ತು ಹದಿನೈದು ತುಣುಕು ಸೇರಿಸುವ ಕಾಲ ಹೋಯಿತು. ಒಂದೇ ಒಂದು ದೊಡ್ಡ, ಎಲ್ಲರಿಗೂ ಗೊತ್ತಾಗುವ ತುಣುಕು ಇಟ್ಟು ಅದರ ಮೇಲೆ ಪೂರ್ತಿ ಹಾಡು ಕಟ್ಟುವ ಪದ್ಧತಿ ಹೆಚ್ಚಾಯಿತು. ದುಡ್ಡು ಕೊಡೋದೇ ಆದರೆ ಒಬ್ಬರಿಗೆ ಕೊಡೋಣ ಅಂತ. ಡಿಲೆಮಾ ಆ ಕಾಲದ ಕೂಸು.


ಪಿವಟ್_ಟೇಬಲ್:

ಎಲ್ಲರೂ ಹಕ್ಕು ಬಾಧ್ಯತೆ ಅಂತ ಕೂತಿದ್ದೀರಿ. ಆ ಎಕ್ಸೆಲ್ ವಿಷಯ ಯಾರು ಮಾತಾಡ್ತೀರಿ?

ವಿಡಿಯೋ ನೋಡದವರಿಗೆ: ಕೆಲ್ಲಿ ಫೋನ್ ತೆಗೆದು ಅವನಿಗೆ ಸಂದೇಶ ಟೈಪ್ ಮಾಡುತ್ತಾಳೆ. ಎಲ್ಲಿದ್ದೀಯ, ಇದು ಸಿಕ್ಕಿದ ಕೂಡಲೇ ತಿಳಿಸು, ಅಂತ. ಉತ್ತರ ಬರಲ್ಲ. ಮುಖ ಊದಿಸಿಕೊಳ್ಳುತ್ತಾಳೆ. ಕ್ಯಾಮೆರಾ ಪರದೆ ಹತ್ತಿರ ಹೋಗುತ್ತೆ. ಅವಳು ಟೈಪ್ ಮಾಡಿರೋದು ಸ್ಪ್ರೆಡ್‌ಶೀಟ್‌ನಲ್ಲಿ! ಸಾಲು, ಕಾಲಂ, ಸೆಲ್ ಎಲ್ಲ ಕಾಣುತ್ತೆ. ಅಕ್ಕಾ, ಸೆಂಡ್ ಬಟನ್ನೇ ಇಲ್ಲದ ಜಾಗದಲ್ಲಿ ಬರೆದು ಉತ್ತರ ಬರಲಿಲ್ಲ ಅಂದರೆ ಅವನ ತಪ್ಪಾ?

ನಾನು ದಿನಾ ಶೀಟ್‌ನಲ್ಲೇ ಬದುಕುವವನು. ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಪಾಠ ಶುರು ಮಾಡೋದೇ ಈ ವಿಡಿಯೋದಿಂದ.


ಕೀಪ್ಯಾಡ್_ಕಾಲ:

ತಾಂತ್ರಿಕವಾಗಿ ಅದು ಎಕ್ಸೆಲ್ಲೂ ಅಲ್ಲ. ಆ ಫೋನ್ ನೋಕಿಯಾ ಕಮ್ಯುನಿಕೇಟರ್, 9210 ಸರಣಿಯದು. ಕನ್ನಡಕದ ಪೆಟ್ಟಿಗೆ ಥರ ಉದ್ದಕ್ಕೆ ತೆರೆಯುತ್ತಿತ್ತು. ಒಳಗೆ ಅಗಲವಾದ ಬಣ್ಣದ ಪರದೆ, ಪೂರ್ತಿ ಕೀಬೋರ್ಡ್. ಓಡುತ್ತಿದ್ದದ್ದು ಸಿಂಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ. ಅದರಲ್ಲಿ ಸ್ಪ್ರೆಡ್‌ಶೀಟ್ ಮಾಡಲು ಅದರದೇ ಒಂದು ಅಪ್ಲಿಕೇಶನ್ ಇತ್ತು. ಜನರ ಬಾಯಲ್ಲಿ ಎಲ್ಲ ಶೀಟೂ ಎಕ್ಸೆಲ್ ಆಗಿಬಿಟ್ಟಿದೆ.

2002ರಲ್ಲಿ ಆ ಫೋನ್ ಕೈಯಲ್ಲಿದ್ದರೆ ದೊಡ್ಡ ಸಾಹೇಬರು ಅಂತ ಲೆಕ್ಕ. ವಿಡಿಯೋ ಮಾಡಿದವರಿಗೆ ಬೇಕಿದ್ದದ್ದು ನೋಡೋಕೆ ಹೊಸದಾಗಿ ಕಾಣುವ ಒಂದು ಪರದೆ, ಅದರ ಮೇಲೆ ದೊಡ್ಡ ಅಕ್ಷರ. ಸಿಕ್ಕಿತು. ಎಷ್ಟೋ ವರ್ಷದ ಮೇಲೆ ಒಂದು ಟಿವಿ ಕಾರ್ಯಕ್ರಮದಲ್ಲಿ ನೆಲ್ಲಿಯನ್ನೇ ಇದರ ಬಗ್ಗೆ ಕೇಳಿದರು. ಆ ಕಾಲಕ್ಕೆ ಅದೇ ಹೊಸ ತಂತ್ರಜ್ಞಾನ ಅಲ್ವಾ ಅನ್ನುವ ಅರ್ಥದಲ್ಲಿ ನಗುತ್ತಾ ಜಾರಿಕೊಂಡ.


ಹಳೇ_ರೆಕಾರ್ಡು:

ವಿಡಿಯೋ ಮಾತು ಬಂತಲ್ಲ, ಅದರಲ್ಲಿ ಕೆಲ್ಲಿಯ ಅಮ್ಮನಾಗಿ ಬರುವವರು ಸಾಕ್ಷಾತ್ ಪ್ಯಾಟಿ ಲಬೆಲ್. ನಿರ್ದೇಶಕ ಬೆನ್ನಿ ಬೂಮ್. ಹಾಡಿನ ತಾಯಿಯನ್ನು ವಿಡಿಯೋದಲ್ಲೂ ತಾಯಿ ಮಾಡಿದ್ದಾರೆ. ತುಣುಕು ತೆಗೆದುಕೊಂಡು ಸುಮ್ಮನಾಗದೆ ಮೂಲದವರನ್ನು ಮನೆಗೆ ಕರೆದು ಕೂರಿಸಿದ್ದು ನನಗೆ ತುಂಬಾ ಇಷ್ಟ. ಹಿಂದಿನ ವರ್ಷ 2001ರಲ್ಲಿ ಅವರ ‘ಲೇಡಿ ಮಾರ್ಮಲೇಡ್’ ಹೊಸಬರ ಬಾಯಲ್ಲಿ ನಂಬರ್ ಒನ್ ಆಗಿತ್ತು. ಮರುವರ್ಷ ಇದು. 1944ರಲ್ಲಿ ಹುಟ್ಟಿದ ಗಾಯಕಿಗೆ ಹದಿಹರೆಯದ ಹೊಸ ಕೇಳುಗರು ಸಿಕ್ಕರು.

ಚಿತ್ರೀಕರಣ ನಡೆದದ್ದು ಯೂನಿವರ್ಸಲ್ ಸ್ಟುಡಿಯೋದ ಕಲೋನಿಯಲ್ ಸ್ಟ್ರೀಟ್ ಸೆಟ್‌ನಲ್ಲಿ. ಆಮೇಲೆ ‘ಡೆಸ್ಪರೇಟ್ ಹೌಸ್‌ವೈವ್ಸ್’ ಧಾರಾವಾಹಿ ನೋಡಿದವರಿಗೆ ಆ ಬೀದಿ ಚೆನ್ನಾಗಿ ಗೊತ್ತು. ಅಕ್ಕಪಕ್ಕದ ಮನೆಯವರ ಗುಟ್ಟಿನ ಕಥೆಗೆ ಅಂತಲೇ ಹುಟ್ಟಿದ ಬೀದಿ ಅನ್ನಿಸುತ್ತೆ.


ಕಮಲಾನಗರ_ಅಕ್ಕ:

ಅಲ್ಲ, ನಿಮಗೆಲ್ಲ ಇದು ರೊಮ್ಯಾಂಟಿಕ್ ಅನ್ನಿಸೋದು ಹೇಗೆ? ಮಗು ಇರುವ ಹೆಂಗಸು. ಮನೆಯಲ್ಲಿ ಒಬ್ಬ ಇದ್ದಾನೆ. ಪಕ್ಕದ ಮನೆಯವನು ಅವಕಾಶಕ್ಕೆ ಕಾಯುತ್ತಾ ಕೂತಿದ್ದಾನೆ. ಇದನ್ನೇ ನಮ್ಮ ಧಾರಾವಾಹಿಯಲ್ಲಿ ತೋರಿಸಿದರೆ ಮನೆಮುರುಕ ಅಂತ ಬೈಯುತ್ತೀರಿ. ಇಂಗ್ಲಿಷಿನಲ್ಲಿ ಹಾಡಿದರೆ ಪ್ರೇಮ.

ನನಗೂ ರಾಗ ಇಷ್ಟ, ಸುಳ್ಳು ಹೇಳಲ್ಲ. ಅಡುಗೆ ಮಾಡುವಾಗ ನಾನೂ ಗುನುಗುತ್ತೇನೆ. ಆದರೆ ಸೈಡ್_ಬಿ ಹೇಳಿದ ಇಕ್ಕಟ್ಟು ಎಲ್ಲಿದೆ ಹಾಡಿನಲ್ಲಿ? ಅವಳು ಮನೆಯಲ್ಲಿರುವವನ ಬಗ್ಗೆ ಏನಾದರೂ ಹೇಳುತ್ತಾಳಾ? ಮಗುವಿನ ಬಗ್ಗೆ? ‘ನನ್ನವನ ಜೊತೆ ಇದ್ದಾಗಲೂ’ ಅನ್ನೋದು ಬಿಟ್ಟರೆ ಒಂದು ಮಾತಿಲ್ಲ. ಮಗ ಇದ್ದಾನೆ ಅಂತ ಹೇಳೋದೂ ಅವನೇ. ಅವಳ ಬಾಯಲ್ಲಿ ಬರೀ ನೀನು, ನೀನು, ನೀನು. ಹೆಂಗಸಿನ ಹಾಡು ಅಂತೀರಲ್ಲ, ಅವಳ ಬದುಕನ್ನು ಹೇಳೋಕೂ ಗಂಡಸೇ ಬೇಕಾಯ್ತಲ್ಲ.


ಸೈಡ್_ಬಿ:

ಅಕ್ಕ, ಇದು ಗಟ್ಟಿ ಮಾತು. ಆದರೂ ನನ್ನದೊಂದು ಉತ್ತರ ಇದೆ.

ಹಾಡಿನಲ್ಲಿ ಏನೂ ನಡೆಯಲ್ಲ. ಅವಳು ಮನೆ ಬಿಡಲ್ಲ. ಅವನು ಬಾಗಿಲು ತಟ್ಟಲ್ಲ. ನಾನು ಜಗಳಕ್ಕೆ ಹೋಗಲ್ಲ ಅಂತ ಅವನೇ ಹೇಳಿಕೊಳ್ಳುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಇಲ್ಲ, ನಮಗೆ ಹೇಳುತ್ತಾರೆ. ಯುಗಳಗೀತೆ ಅಂದರೆ ಇಬ್ಬರೂ ಎದುರುಬದುರು ನಿಂತು ಹಾಡಬೇಕು ಅಂತ ಸಿನಿಮಾ ಹಾಡು ಕೇಳಿ ಬೆಳೆದ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಇಬ್ಬರೂ ತಮ್ಮ ತಮ್ಮ ಮನೆಯೊಳಗೇ ನಿಂತು ಹಾಡುತ್ತಿದ್ದಾರೆ. ಅವಳು ಮನೆಯವನ ಬಗ್ಗೆ, ಮಗುವಿನ ಬಗ್ಗೆ ಮಾತಾಡಲ್ಲ ಅಂದಿರಿ. ಪಲ್ಲವಿಯನ್ನು ಅಷ್ಟು ಸಲ ತಿರುಗಿ ತಿರುಗಿ ಹೇಳುವುದೇ ಬೇರೆ ಯೋಚನೆ ಬರದಿರಲಿ ಅಂತ ಅನ್ನಿಸುತ್ತೆ ನನಗೆ. ಅದು ನನ್ನ ಓದು ಅಂತಲೇ ಇಟ್ಟುಕೊಳ್ಳಿ.


ಬೀದಿ_ತಾಳ:

ಏನೂ ನಡೆಯಲ್ಲ ಅನ್ನೋದು ಸರಿ. ಯಾಕೆ ನಡೆಯಲ್ಲ ಗೊತ್ತಾ? ಕೊನೆಯಲ್ಲಿ ನೆಲ್ಲಿ ಕಥೆಯನ್ನೇ ಕೈಬಿಟ್ಟು ಈಸ್ಟ್ ಕೋಸ್ಟ್, ಸೌತ್, ವೆಸ್ಟ್ ಕೋಸ್ಟ್, ಮಿಡ್‌ವೆಸ್ಟ್ ಅಂತ ಒಂದೊಂದು ಸೀಮೆಯವರನ್ನೂ ಕೂಗಿ ಕರೆಯೋಕೆ ಹೋಗುತ್ತಾನೆ. ಪಾರ್ಟಿ ಹಾಡಿನ ಥರ. ಪ್ರೀತಿ ಎಲ್ಲಿ ಹೋಯಿತು? ಪಕ್ಕದ ಮನೆಯವಳು ಕಾಯುತ್ತಿದ್ದಾಳೆ, ಇವನು ಹಾಜರಿ ಕೂಗುತ್ತಿದ್ದಾನೆ. 😄


ಸೈಡ್_ಬಿ:

ಹಹ್ಹಾ! ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನೋಡಿ, ಆಗಲೂ ಕೆಳಗೆ ಹಾಡು ಹಿಡಿದಿಟ್ಟುಕೊಂಡಿರೋದು ಹೆಣ್ಣಿನ ದನಿಯೇ.


ಮಿಸೌರಿ_ಮಾವ:

ಸೇಂಟ್ ಲೂಯಿಸ್‌ನಲ್ಲಿ ಓದಿದವನಾಗಿ ನೆಲ್ಲಿ ಪರ ಮಾತಾಡೋಕೆ ಬಂದೆ. ಇಲ್ಲಿ ಅವನ ವಕೀಲರೇ ಇಲ್ಲ.

ಆ ಹೊತ್ತಿನಲ್ಲಿ ರ‍್ಯಾಪ್ ಅಂದರೆ ನ್ಯೂಯಾರ್ಕ್, ಲಾಸ್ ಏಂಜಲಿಸ್, ಆಮೇಲೆ ಅಟ್ಲಾಂಟಾ. ನಡುನಾಡಿನ ಸೇಂಟ್ ಲೂಯಿಸ್ ಯಾರ ಲೆಕ್ಕಕ್ಕೂ ಇರಲಿಲ್ಲ. ನೆಲ್ಲಿ ಮತ್ತು ಅವನ ಸೇಂಟ್ ಲೂನಾಟಿಕ್ಸ್ ತಂಡ ಅದನ್ನು ಬದಲಾಯಿಸಿತು. 2000ದ ‘ಕಂಟ್ರಿ ಗ್ರಾಮರ್’ ಅಲ್ಲಿನ ಮಕ್ಕಳು ಬೀದಿಯಲ್ಲಿ ಚಪ್ಪಾಳೆ ತಟ್ಟಿ ಆಡುವ ಆಟದ ಪದದ ಧಾಟಿಯಲ್ಲಿತ್ತು. ಅವನು ಮಾತನ್ನು ಎಳೆಯುತ್ತಾನೆ, ಅರ್ಧ ಹಾಡುತ್ತಾನೆ. ನ್ಯೂಯಾರ್ಕಿನ ರ‍್ಯಾಪ್ ಕೇಳಿ ಬೆಳೆದ ಬೀದಿ_ತಾಳ ಅವರಂಥವರಿಗೆ ಅದು ‘ಗುನುಗೋದು’ ಅನ್ನಿಸಬಹುದು. ಅಲ್ಲಿನವರ ಮಾತೇ ಹಾಗೆ. ಉಚ್ಚಾರಣೆಯನ್ನು ಮುಚ್ಚಿಡದೆ ಹಾಡಿನ ಹೆಸರಿಗೇ ಹಾಕಿದ: ‘ಹಾಟ್ ಇನ್ ಹರ್’ನ ‘ಹರ್’ ಅಂದರೆ ‘ಹಿಯರ್’.

ಕೆನ್ನೆ ಮೇಲಿನ ಬ್ಯಾಂಡೇಜ್ ಬಗ್ಗೆ ಕೂಡ ತುಂಬಾ ಜನ ನಕ್ಕಿದ್ದಾರೆ. ಅದು ಮೊದಲು ಬ್ಯಾಸ್ಕೆಟ್‌ಬಾಲ್ ಆಡುವಾಗ ಆದ ಗಾಯಕ್ಕೆ ಹಾಕಿದ್ದು. ಆಮೇಲೂ ತೆಗೆಯದೆ ಉಳಿಸಿಕೊಂಡದ್ದು ಜೈಲಿನಲ್ಲಿದ್ದ ತಂಡದ ಗೆಳೆಯ ಸಿಟಿ ಸ್ಪಡ್‌ಗಾಗಿ. ದೇಶದ ತುಂಬಾ ಹುಡುಗರು ಕಾರಣ ಗೊತ್ತಿಲ್ಲದೆ ಕೆನ್ನೆಗೆ ಪ್ಲಾಸ್ಟರ್ ಹಚ್ಚಿಕೊಂಡು ಓಡಾಡಿದರು.

ನನ್ನ ಮಾತು ಇಷ್ಟೇ. ಬೇರೆ ಯಾವ ರ‍್ಯಾಪರ್ ಆ ಚರಣಗಳನ್ನು ಹೇಳಿದ್ದರೂ ಪಲ್ಲವಿ ಬಂದಾಗ ಬೇರೆ ಹಾಡಿಗೆ ಹಾರಿದ ಹಾಗೆ ಆಗುತ್ತಿತ್ತು. ನೆಲ್ಲಿ ಅರ್ಧ ಹಾಡುತ್ತಾನೆ ಅಂತಲೇ ಅವನ ದನಿಯಿಂದ ಅವಳ ದನಿಗೆ ಹೋಗುವುದು ಗೊತ್ತೇ ಆಗಲ್ಲ.


ತಂಬೂರಿ:

ಮಿಸೌರಿ_ಮಾವ ಅವರ ಕೊನೆಯ ಮಾತಿಗೆ ನನ್ನದೂ ಸೇರಿಸಿ. ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ, ಈ ಕಡೆಯ ಜ್ಞಾನ ಕಡಿಮೆ. ಆದರೂ ಕೇಳಿದೆ.

ಲಯ ನಿಧಾನ. ಪಲ್ಲವಿ ತುಂಬಾ ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ. ಚಿಕ್ಕ ಜಾಗದಲ್ಲೇ ಸುತ್ತುತ್ತೆ. ಹಾಡೋಕೆ ಬರದವರೂ ಹಾಡಬಹುದು, ಅದೇ ಅದರ ಜಾಣತನ. ಕೆಲ್ಲಿಯೂ ಗಮಕ ತೋರಿಸೋಕೆ ಹೋಗಿಲ್ಲ. ಅಷ್ಟು ದೊಡ್ಡ ತಂಡದಲ್ಲಿ ಪಳಗಿದವರು, ಮನಸ್ಸು ಮಾಡಿದ್ದರೆ ಕಸರತ್ತು ಮಾಡಬಹುದಿತ್ತು. ಪ್ಯಾಟಿ ಲಬೆಲ್ ಹಾಡನ್ನೂ ಈಗಲೇ ಹಾಕಿ ಕೇಳಿದೆ. ಅವರು ಮೆತ್ತಗೆ ಶುರು ಮಾಡಿ ಬೆಳೆಸುತ್ತಾ ಹೋಗುತ್ತಾರೆ. ಡಿಲೆಮಾ ಬೆಳೆಯುವುದೇ ಇಲ್ಲ, ಶುರುವಾದಲ್ಲೇ ಇರುತ್ತೆ. ಹಳೆಯದು ಗಾಯಕಿಯ ಹಾಡು. ಹೊಸದು ತುಣುಕಿನ ಹಾಡು.


ಹಳೇ_ರೆಕಾರ್ಡು:

“ಹಳೆಯದು ಗಾಯಕಿಯ ಹಾಡು, ಹೊಸದು ತುಣುಕಿನ ಹಾಡು.” ಮೇಡಂ, ನಾನು ಇಷ್ಟುದ್ದ ಬರೆದದ್ದನ್ನು ನೀವು ಒಂದು ಸಾಲಿನಲ್ಲಿ ಹೇಳಿದಿರಿ.


ಸೈಡ್_ಬಿ:

ಸರಿ, ಕೆಲ್ಲಿ ಪರ ನನ್ನ ಕೊನೆಯ ದಾಖಲೆಗಳು. ಈ ಹಾಡು ಯಾರ ಬದುಕನ್ನು ಜಾಸ್ತಿ ಬದಲಿಸಿತು ನೋಡಿ.

ನೆಲ್ಲಿ ಆಗಲೇ ಸ್ಟಾರ್. ಈ ಹಾಡು ಇಲ್ಲದಿದ್ದರೂ ಆಗುತ್ತಿತ್ತು. ಕೆಲ್ಲಿಗೆ ಹಾಗಲ್ಲ. ಅವರ ಮೊದಲ ಆಲ್ಬಂ ‘ಸಿಂಪ್ಲಿ ಡೀಪ್’ 2003ಕ್ಕೆ ಬರಬೇಕಿತ್ತು. ಡಿಲೆಮಾ ಓಡಿದ ಓಟ ನೋಡಿ ಕಂಪನಿ ಅದನ್ನು 2002ರ ಅಕ್ಟೋಬರ್‌ಗೇ ಎಳೆದು ತಂದಿತು. ಆ ಆಲ್ಬಂನಲ್ಲಿ ಗಿಟಾರ್ ಜಾಸ್ತಿ, ರಾಕ್ ಕಡೆ ಒಲವು. ಡಿಲೆಮಾ ಕೇಳಿ ಬಂದವರಿಗೆ ಸ್ವಲ್ಪ ಗಲಿಬಿಲಿ ಆಗಿರಬೇಕು. ಅಮೆರಿಕಕ್ಕಿಂತ ಬ್ರಿಟನ್ನಿನಲ್ಲಿ ಚೆನ್ನಾಗಿ ಹೋಯಿತು, ಅಲ್ಲಿ ನಂಬರ್ ಒನ್ ಆಯಿತು.

ಬಿಯಾನ್ಸೆಯ ಮೊದಲ ಆಲ್ಬಂ 2002ರಲ್ಲೇ ಬರುವುದಿತ್ತು. ಒಂದೇ ತಂಡದ ಇಬ್ಬರು ಒಂದೇ ಹೊತ್ತಿಗೆ ಎದುರಾಗಬಾರದು ಅಂತ ಅದನ್ನು ಮುಂದಕ್ಕೆ ಹಾಕಿದರು. ಬಂದದ್ದು 2003ರ ಜೂನ್‌ಗೆ. ಕೆಲ್ಲಿಗಾಗಿ ಬಿಯಾನ್ಸೆ ಕಾದರು! ತಂಡದಲ್ಲಿ ಯಾವಾಗಲೂ ಎರಡನೆಯವರು ಅಂತ ಕರೆಸಿಕೊಂಡವರು ಮೂವರಲ್ಲಿ ಮೊದಲು ತಂಡದಾಚೆ ಹಾಟ್ 100ರ ತುದಿ ಮುಟ್ಟಿದರು. ಕೆಲ್ಲಿ ಅಂದರೆ ನನಗೆ ಇಷ್ಟು ಅಭಿಮಾನ ಬರೋಕೆ ಕಾರಣ ಇದೇ.


ಮಲ್ಲಿಗೆ_ಮೊಗ್ಗು:

10 ವಾರ ಅಂದಿರಲ್ಲ, ಒಟ್ಟಿಗೆ 10 ವಾರವಾ?


ಸೈಡ್_ಬಿ:

ಇಲ್ಲ, ನಡುವೆ ತುಂಡಾಗಿತ್ತು. ಟಿವಿಯ ಹಾಡಿನ ಸ್ಪರ್ಧೆ ಅಮೆರಿಕನ್ ಐಡಲ್‌ನ ಮೊದಲ ಸೀಸನ್ ಗೆದ್ದ ಕೆಲ್ಲಿ ಕ್ಲಾರ್ಕ್‌ಸನ್ ಹಾಡು 52ನೇ ಸ್ಥಾನದಿಂದ ಒಂದೇ ಜಿಗಿತಕ್ಕೆ ಮೇಲೆ ಬಂದು ಎರಡು ವಾರ ಕೂತಿತು. ಒಬ್ಬ ಕೆಲ್ಲಿಯನ್ನು ಇನ್ನೊಬ್ಬ ಕೆಲ್ಲಿ ಇಳಿಸಿದ ಹಾಗೆ. ಆಮೇಲೆ ಡಿಲೆಮಾ ಮತ್ತೆ ಹತ್ತಿ ಇನ್ನೂ ಮೂರು ವಾರ. ಕೊನೆಗೆ ಎಮಿನೆಮ್‌ನ ‘ಲೂಸ್ ಯುವರ್‌ಸೆಲ್ಫ್’ ಬಂದು ಎಲ್ಲ ಗುಡಿಸಿ ಹಾಕಿತು.


ಕೀಪ್ಯಾಡ್_ಕಾಲ:

ಬೆಂಗಳೂರಲ್ಲಿ ಆಗ ಖಾಸಗಿ ಎಫ್‌ಎಂ ಬಂದು ಒಂದೂವರೆ ವರ್ಷ ಅಷ್ಟೇ ಆಗಿತ್ತು. ಕನ್ನಡ, ಹಿಂದಿ ಹಾಡಿನ ನಡುವೆ ಇಂಗ್ಲಿಷ್ ಹಾಡೂ ಬರುತ್ತಿದ್ದ ಕಾಲ. ಬ್ರಿಗೇಡ್ ರೋಡಿನ ಅಂಗಡಿಯಲ್ಲಿ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದವರು ಮೆಜೆಸ್ಟಿಕ್ ಕಡೆಯಿಂದ ನೂರೈವತ್ತು ಹಾಡು ತುಂಬಿದ ಎಂಪಿ3 ಸಿಡಿ ತರುತ್ತಿದ್ದರು. ಅಂಥ ಸಿಡಿಗಳಲ್ಲಿ ಈ ಹಾಡಿಗೆ “ನೆಲ್ಲಿ ಫರ್ಟಾಡೊ” ಅಂತ ಬೇರೆಯೇ ಗಾಯಕಿಯ ಹೆಸರು ಹಾಕಿರೋದನ್ನು ನೋಡಿದವರು ಕೈ ಎತ್ತಿ.


ಪಿವಟ್_ಟೇಬಲ್:

✋


ಕಮಲಾನಗರ_ಅಕ್ಕ:

✋ ನಮ್ಮ ತಮ್ಮ ಎಷ್ಟೋ ದಿನ ಹಾಡೋ ಹೆಂಗಸೇ ನೆಲ್ಲಿ ಅಂತ ವಾದ ಮಾಡುತ್ತಿದ್ದ. ಸೈಡ್_ಬಿ, ನಿಮ್ಮ ಕಡೆಗೆ ಒಂದು ಓಟು ಸಿಕ್ಕಿತು ನೋಡಿ.


ಬೀದಿ_ತಾಳ:

ಸರಿ, ನಾನು ಸ್ವಲ್ಪ ಗಂಭೀರವಾಗಿ ಒಂದು ಮಾತು ಹೇಳುತ್ತೇನೆ. ಹಾಡು ನನಗೆ ಇಷ್ಟ ಇಲ್ಲ, ಆದರೆ ಅದರಿಂದ ಏನಾಯಿತು ಅನ್ನೋದು ದೊಡ್ಡ ವಿಷಯ.

2003ರ ಗ್ರ್ಯಾಮಿಯಲ್ಲಿ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಗಳಲ್ಲಿ, ಡಿಲೆಮಾಗೆ ‘ರ‍್ಯಾಪ್/ಸಂಗ್ ಕೊಲ್ಯಾಬರೇಶನ್’ ಪ್ರಶಸ್ತಿ ಬಂತು. ಒಬ್ಬರು ರ‍್ಯಾಪ್ ಮಾಡಿ ಇನ್ನೊಬ್ಬರು ಹಾಡುವ ಹಾಡಿಗೆ ಅಂತಲೇ ಇಟ್ಟ ಬಹುಮಾನ ಅದು. ಅದು ಶುರುವಾದದ್ದೇ ಅದರ ಹಿಂದಿನ ವರ್ಷ, ಮೊದಲು ಗೆದ್ದದ್ದು ಈವ್ ಮತ್ತು ಗ್ವೆನ್ ಸ್ಟೆಫಾನಿ. ಆಗ ರ‍್ಯಾಪರ್ ಜಾ ರೂಲ್ ಇಂಥ ಜೋಡಿ ಹಾಡುಗಳನ್ನು ಒಂದರ ಹಿಂದೆ ಒಂದು ಹೊಡೆಯುತ್ತಿದ್ದ. ಆ ಸೂತ್ರ ಎಷ್ಟು ಜೋರಾಗಿತ್ತು ಅಂದರೆ ಬಹುಮಾನದ ಪಟ್ಟಿಯಲ್ಲೇ ಒಂದು ಖಾನೆ ಮಾಡಬೇಕಾಯಿತು. ಗಂಡಸು ಚರಣ, ಹೆಂಗಸು ಪಲ್ಲವಿ. ಕೆಲಸ ಹಂಚಿಕೆ ಸ್ಪಷ್ಟ.

ಆಮೇಲೆ ಏನಾಯಿತು? ರ‍್ಯಾಪರ್‌ಗಳೇ ಹಾಡತೊಡಗಿದರು. 2008ರಲ್ಲಿ ಕಾನ್ಯೆ ವೆಸ್ಟ್ ‘808ಸ್’ ಆಲ್ಬಂ ಪೂರ್ತಿ ಹಾಡಿದ. 2009ರಲ್ಲಿ ಡ್ರೇಕ್ ಬಂದ. ತಾನೇ ಚರಣ, ತಾನೇ ಪಲ್ಲವಿ. ಪಲ್ಲವಿಗೆ ಅಂತ ಯಾರನ್ನೂ ಕರೆಯಬೇಕಾಗಿಲ್ಲ. ಗ್ರ್ಯಾಮಿಯವರು ಮೊದಲು ಆ ಪ್ರಶಸ್ತಿಯಿಂದ ‘ಕೊಲ್ಯಾಬರೇಶನ್’ ತೆಗೆದರು, ಒಬ್ಬರೇ ಇದ್ದರೂ ಪರವಾಗಿಲ್ಲ ಅಂದರು. 2021ರ ಪ್ರಶಸ್ತಿಯ ಹೊತ್ತಿಗೆ ಅದು ‘ಮೆಲೋಡಿಕ್ ರ‍್ಯಾಪ್’ ಆಗಿತ್ತು. ಅಂದರೆ ಮಿಸೌರಿ_ಮಾವ ಹೊಗಳಿದ ಆ ಅರ್ಧ ಹಾಡೋ ಗುಣ ಇದೆಯಲ್ಲ, ಅದು ಬೆಳೆದು ಕೆಲ್ಲಿಯ ಜಾಗವನ್ನೇ ತಿಂದುಹಾಕಿತು.

ಸೈಡ್_ಬಿ, ನಿಮ್ಮ ವಾದಕ್ಕೆ ಇದು ಬೇಜಾರಿನ ಸಂಗತಿ. ಹಾಡು ಕೆಲ್ಲಿಯದೇ ಅಂತ ಒಪ್ಪಿಕೊಂಡರೂ, ಆಮೇಲೆ ಬೆಳೆದದ್ದು ನೆಲ್ಲಿಯ ದಾರಿ.


ಮಿಸೌರಿ_ಮಾವ:

ಇದು ನೆಲ್ಲಿಗೆ ಹೊಗಳಿಕೆಯೋ ಬೈಗುಳವೋ? ಹೊಗಳಿಕೆ ಅಂತಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸೇರಿಸಿಕೊಳ್ಳಿ: 2004ರಲ್ಲಿ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಗಾಯಕ ಟಿಮ್ ಮೆಕ್‌ಗ್ರಾ ಜೊತೆ ‘ಓವರ್ ಆ್ಯಂಡ್ ಓವರ್’ ಮಾಡಿದ. ರ‍್ಯಾಪರ್ ಮತ್ತು ಕಂಟ್ರಿ ಹಾಡುಗಾರ ಸೇರಿ ವಿರಹದ ಹಾಡು. ಆಗ ವಿಚಿತ್ರ ಅಂದರು, ಈಗ ಅದು ದಿನನಿತ್ಯದ ಮಾತು.


ತಂಬೂರಿ:

2003ರ ಗ್ರ್ಯಾಮಿ ಅಂದರೆ ನೋರಾ ಜೋನ್ಸ್ ವರ್ಷ ಅಲ್ವಾ? ಪಂಡಿತ್ ರವಿಶಂಕರ್ ಅವರ ಮಗಳು.


ಹಳೇ_ರೆಕಾರ್ಡು:

ಹೌದು ಮೇಡಂ. ‘ರೆಕಾರ್ಡ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ ಡಿಲೆಮಾ ಕೂಡ ಇತ್ತು. ನೋರಾ ಜೋನ್ಸ್‌ರ ‘ಡೋಂಟ್ ನೋ ವೈ’ ಗೆದ್ದಿತು. ಎರಡೂ ನಿಧಾನದ ಹಾಡು. ಆ ವರ್ಷ ಯಾಕೋ ಎಲ್ಲರಿಗೂ ಮೆತ್ತಗೆ ಕೇಳಬೇಕು ಅನ್ನಿಸಿತ್ತು.


ಮಲ್ಲಿಗೆ_ಮೊಗ್ಗು:

ಆಮೇಲೆ ಇವರಿಬ್ಬರೂ ಮತ್ತೆ ಜೊತೆಗೆ ಹಾಡಲೇ ಇಲ್ವಾ?


ಸೈಡ್_ಬಿ:

ಹಾಡಿದರು. ನೆಲ್ಲಿಯ 2010ರ ‘5.0’ ಆಲ್ಬಂನಲ್ಲಿ ‘ಗಾನ್’ ಅಂತ ಇದೆ, ಡಿಲೆಮಾದ ಮುಂದಿನ ಭಾಗ ಅನ್ನುವ ಹಾಗೆ. ಅದೇ ಆಲ್ಬಂನ ‘ಜಸ್ಟ್ ಎ ಡ್ರೀಮ್’ ಎಲ್ಲ ಕಡೆ ಓಡಿತು, ಅದರಲ್ಲಿ ನೆಲ್ಲಿ ಒಬ್ಬನೇ ಹಾಡುತ್ತಾನೆ. ಜೋಡಿ ಹಾಡನ್ನು ಹೆಚ್ಚು ಜನ ಕೇಳಲಿಲ್ಲ.


ಬೀದಿ_ತಾಳ:

ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?


ಹಳೇ_ರೆಕಾರ್ಡು:

ಸಾಕ್ಷಿ ನನ್ನ ಕಡೆಗೂ ಇದೆ. ‘ಗಾನ್’ನಲ್ಲಿ ನೆಲ್ಲಿ ಇದ್ದ, ಕೆಲ್ಲಿ ಇದ್ದರು. ಡಿಲೆಮಾದಲ್ಲಿದ್ದ ಒಬ್ಬರು ಮಾತ್ರ ಇರಲಿಲ್ಲ.


ಕಮಲಾನಗರ_ಅಕ್ಕ:

ಪ್ಯಾಟಿ ಹಾಡು ಈಗಷ್ಟೇ ಪೂರ್ತಿ ಕೇಳಿದೆ. ಅದರಲ್ಲಿ ಪಕ್ಕದ ಮನೆಯವನೂ ಇಲ್ಲ, ಕದ್ದುಮುಚ್ಚಿ ನೋಡೋದೂ ಇಲ್ಲ. ಒಬ್ಬಳು ತನ್ನವನಿಗೆ ನೇರವಾಗಿ ಹೇಳುತ್ತಿದ್ದಾಳೆ. ನನ್ನ ಓಟು ಅದಕ್ಕೆ. ನಾಳೆಯಿಂದ ಅಡುಗೆಮನೆಯಲ್ಲಿ ಅದೇ.